ಐದು ಫೈಲು, ಒಂದು ಸೋರೆಬುರುಡೆ

ಶಮಿಸೊಗೆ ತಲೆ ಚಿಟ್ಟು ಹಿಡಿದು ನಾಲ್ಕು ದಿನವಾಗಿತ್ತು.

ಚಿಟುಂಗ್ವಿಜಾ ಪಟ್ಟಣದ ಒಂದು ಸಲೂನಿನ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ರೆಕಾರ್ಡ್ ಆದ ಹಾಡುಗಳಿಗೆ ಕೊನೆಯ ಒಪ್ಪ ಹಾಕಿಕೊಡುವುದು ಅವಳ ಕಸುಬು. ಮಾಸ್ಟರಿಂಗ್ ಎನ್ನುತ್ತಾರೆ. ಚರ್ಚಿನ ಹಾಡು, ಮದುವೆ ಹಾಡು, ಹುಡುಗರ ಕುಣಿತದ ಹಾಡು ಎಲ್ಲವನ್ನೂ ಕಣ್ಣು ಮುಚ್ಚಿ ಮುಗಿಸುತ್ತಿದ್ದಳು. ಈ ಬಾರಿ ಮುಂದಿದ್ದದ್ದು ಸೋದರಮಾವನ ಎಂಬಿರಾ, ಮರದ ಹಲಗೆಗೆ ಕಬ್ಬಿಣದ ಕಡ್ಡಿಗಳನ್ನು ಬಿಗಿದ ವಾದ್ಯ.

ಸೋದರಮಾವನನ್ನು ಅವರಲ್ಲಿ ಸೆಕುರು ಎನ್ನುತ್ತಾರೆ. ಈ ಸೆಕುರು ಚಕನೆತ್ಸಾ ಅರವತ್ತು ವರ್ಷ ಆ ಕಬ್ಬಿಣದ ಕಡ್ಡಿಗಳನ್ನು ಹೆಬ್ಬೆರಳಲ್ಲಿ ಮೀಟಿದವರು. ಒಮ್ಮೆಯೂ ರೆಕಾರ್ಡಿಗೆ ಒಪ್ಪಿದವರಲ್ಲ. ಬಲಗೈ ಹೆಬ್ಬೆರಳು ಮರಗಟ್ಟತೊಡಗಿದಾಗ ತಾವೇ ಫೋನ್ ಮಾಡಿ ಕರೆಸಿಕೊಂಡರು. ಅವಳು ಊರಿಗೆ ಹೋಗಿ ಒಂದೇ ಒಂದು ಹಾಡು ಹಿಡಿದು ತಂದಳು. ವಾರ ಕಳೆಯುವಷ್ಟರಲ್ಲಿ ಆ ಬೆರಳು ಪೂರ್ತಿ ಸೆಟೆದುಕೊಂಡಿತು. ಇನ್ನು ಮತ್ತೆ ನುಡಿಸುವ ಮಾತಿಲ್ಲ. ಮುದುಕರು ಹಾಕಿದ್ದ ಷರತ್ತೂ ಒಂದೇ: “ಮುಗಿದ್ಮೇಲೆ ನಾನು ಕೇಳ್ತೀನಿ. ನನ್ನದು ಅನ್ನಿಸ್ಲಿಲ್ಲ ಅಂದ್ರೆ ನನ್ನೆದುರಿಗೇ ಅಳಿಸ್ಬೇಕು.”

ಈಗ ಯಾವ ಪ್ಲಗ್‌ಇನ್ ಹಾಕುವುದು? ಕಂಪ್ಯೂಟರಿನೊಳಗಿನ ಈ ಸಾಧನಗಳು ಒಂದೆರಡಾದರೆ ಸರಿ. ಸದ್ದು ಗುಡಿಸಿ ಶುಚಿ ಮಾಡುವಂಥವೇ ಅವಳ ಹತ್ತಿರ ಏಳಿದ್ದವು. ಜೋರು ಮಾಡುವಂಥವು ಒಂಬತ್ತು. ಹಳೇ ಟೇಪಿನ ಬಿಸುಪು ಕೊಡುತ್ತೇವೆ ಎಂದು ಬೀಗುವಂಥವಕ್ಕೆ ಲೆಕ್ಕವೇ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಒಬ್ಬ ಮೊದಲು ಶುಚಿ ಮಾಡು ಎಂದರೆ, ಇನ್ನೊಬ್ಬ ಶುಚಿ ಮಾಡಿದವನು ಕೆಟ್ಟ ಎನ್ನುತ್ತಿದ್ದ. ಇಬ್ಬರ ಮಾತನ್ನೂ ಕೇಳಿ ಅವಳು ಐದು ಫೈಲು ಮಾಡಿಟ್ಟಳು. ಹೆಸರುಗಳೋ, ‘ಕೊನೆಯದು’, ‘ನಿಜವಾದ ಕೊನೆಯದು’, ‘ಇದೇ ಕೊನೆಯದು’, ಹೀಗೆ. ಏನೂ ಹಾಕದ ಐದನೆಯದನ್ನು ಬಿಟ್ಟರೆ ಯಾವುದರಲ್ಲಿ ಏನು ಹಾಕಿದ್ದೆನೆಂಬುದು ಅವಳಿಗೇ ಮರೆತುಹೋಯಿತು. ನಾಲ್ಕನೆಯದು ಮಾತ್ರ ಚೆನ್ನಾಗಿದೆ ಅನ್ನಿಸಿತ್ತು.

ಶುಕ್ರವಾರ ಮಧ್ಯಾಹ್ನ ಸೆಕುರು ಬಂದರು. ಬಗಲಲ್ಲಿ ಬಟ್ಟೆ ಸುತ್ತಿದ ಎಂಬಿರಾ, ಕೈಯಲ್ಲಿ ಅದನ್ನು ಕೂರಿಸುವ ದೊಡ್ಡ ಸೋರೆಬುರುಡೆ. ಬುರುಡೆಯ ಬಾಯಂಚಿಗೆ ಸುತ್ತಲೂ ಪೋಣಿಸಿದ ಬಾಟಲಿ ಮುಚ್ಚಳಗಳು.

“ಏನೇ ಮುಜುಕುರು,” ಸೋದರಸೊಸೆಯನ್ನು ಅವರು ಕರೆಯುವುದೇ ಹಾಗೆ, “ಮೊಟ್ಟೆ ಎಲ್ಲಿಟ್ಟೆ ಅಂತ ಮರೆತ ಕೋಳಿ ಥರ ಇದೀಯ! ತಗೋ, ಕಡಲೆಕಾಯಿ ತಿನ್ನು.”

“ನೀವು ಮೊದ್ಲು ಕೂತ್ಕೊಳ್ಳಿ ಸೆಕುರು. ನಗಿಸ್ಬೇಡಿ, ಅಳು ಬರುತ್ತೆ.”

ಮೊದಲನೆಯದನ್ನು ಹಾಕಿದಳು. ಮುದುಕರು ಕಣ್ಣು ಮುಚ್ಚಿ ಕೇಳಿದರು.

“ಯಾರು ನುಡಿಸಿದ್ದು?”

“ನೀವೇ.”

“ನಾನಾ? ಹಾಗಾದ್ರೆ ನನ್ನ ಜೊತೆ ಇದ್ದವರೆಲ್ಲ ಎಲ್ಲಿಗೆ ಹೋದ್ರು?”

ಊರಲ್ಲಿ ರೆಕಾರ್ಡ್ ಮಾಡುವಾಗ ಗುಡಿಸಲಲ್ಲಿ ಇದ್ದದ್ದು ಅವರಿಬ್ಬರೇ. ಅವಳು ಪಿಳಿಪಿಳಿ ನೋಡಿದಳು. ಸೆಕುರು ಬುರುಡೆಯನ್ನು ಬೆರಳಲ್ಲಿ ತಟ್ಟಿದರು. ಮುಚ್ಚಳಗಳು ಜಿರ್ರೆಂದವು. “ಇವ್ರು.”

ಅವಳಿಗೆ ನಾಚಿಕೆಯಿಂದ ನೆಲ ನೋಡುವ ಹಾಗಾಯಿತು. ಆ ಜಿರ್ರು ಇಲ್ಲದೆ ಸತ್ತುಹೋದ ಹಿರಿಯರು ಹಾಡಿನ ಕಡೆ ತಿರುಗುವುದಿಲ್ಲ ಎಂದು ಹಾಲು ಕುಡಿಯುವ ವಯಸ್ಸಿನಿಂದ ಕೇಳಿದವಳು ಅವಳು. ಕಂಪ್ಯೂಟರು ಅದನ್ನು ಗಲಾಟೆ ಎಂದಿತು, ಇವಳು ಹೂಂ ಎಂದು ಗುಡಿಸಿ ಹಾಕಿದ್ದಳು.

ಎರಡನೆಯದಕ್ಕೆ ಸೆಕುರು ಕಿವಿ ಮುಚ್ಚಿಕೊಂಡರು. “ಯಾಕೆ ಎಲ್ರೂ ಕಿರುಚ್ತಿದಾರೆ? ಇದೇನು ಕೊಂಬಿ ವ್ಯಾನಿನ ಸ್ಟ್ಯಾಂಡಾ?”

ಮೂರನೆಯದಕ್ಕೆ, “ಕಂಬಳಿ ಹೊದ್ದು ನುಡಿಸಿದ ಹಾಗಿದೆ. ಆವತ್ತು ಚಳಿ ಎಲ್ಲಿತ್ತು?”

ನಾಲ್ಕನೆಯದು ಶುರುವಾದಾಗ ಅವಳು ಉಸಿರು ಬಿಗಿಹಿಡಿದಳು. ಅರ್ಧಕ್ಕೇ ಮುದುಕರು ಬೆರಳೆತ್ತಿದರು. “ಇದ್ಯಾರು ಹೊಸಬ? ಅಗೋ, ಮತ್ತೆ ಬಂದ. ಹಾಡಿಗೂ ಅವನಿಗೂ ಸಂಬಂಧ ಇಲ್ಲ, ಗಡಿಯಾರ ನೋಡ್ಕೊಂಡು ಬಂದು ಹೋಗ್ತಾನೆ.”

ಶಮಿಸೊ ಹಣೆ ಚಚ್ಚಿಕೊಂಡಳು. ಅದು ಪರೀಕ್ಷೆಗೆಂದು ಬಿಟ್ಟಿ ಸಿಕ್ಕ ಪ್ಲಗ್‌ಇನ್. ಕೊಳ್ಳದೆ ಬಳಸುವವರಿಗೆ ಬುದ್ಧಿ ಬರಲೆಂದು ನಿಮಿಷಕ್ಕೊಮ್ಮೆ ಸುಯ್ಯೆನ್ನುವ ಜಾತಿಯದು. ನಲವತ್ತು ಸಲ ಕೇಳಿಯೂ ಅವಳು ಅದನ್ನು ಮುಚ್ಚಳಗಳ ಸದ್ದೆಂದೇ ನಂಬಿದ್ದಳು.

ಐದನೆಯದು ಏನೂ ಮಾಡದೆ ಬಿಟ್ಟದ್ದು. ಸೆಕುರು ಕೊನೆಯವರೆಗೂ ಕೇಳಿದರು. “ಇದು ನನ್ನದೇ. ಆದ್ರೆ ಪಕ್ಕದ ಮನೇಲಿ ಕೂತು ಕೇಳಿದ ಹಾಗಿದೆ.”

“ನಂಗೆ ಗೊತ್ತಾಗ್ತಿಲ್ಲ ಸೆಕುರು. ಯಾವುದು ಹಾಡು, ಯಾವುದು ಗಲಾಟೆ, ಅದೇ ಗೊತ್ತಾಗ್ತಿಲ್ಲ.” ಅವಳು ಮೌಸಿಗೆ ಕೈ ಹಾಕಿದಳು. “ಅಳಿಸ್ಬಿಡ್ಲಾ?”

“ತಡಿಯೇ. ಆವತ್ತು ಮೈಕು ಎಲ್ಲಿಟ್ಟಿದ್ದೆ?”

“ಕಡ್ಡಿಗಳ ಹತ್ರ.”

“ಬುರುಡೆ ಮಾತು ಯಾರು ಕೇಳ್ಬೇಕಿತ್ತು, ನಿಮ್ಮಪ್ಪನಾ?”

ಮೇಜಿನ ಮೇಲೆ ಅಂಗೈಯಗಲದ ಒಂದು ಸ್ಪೀಕರ್ ಇತ್ತು. ಮುದುಕರು ಅದನ್ನು ಎತ್ತಿ ಬುರುಡೆಯೊಳಗೆ, ಎಂಬಿರಾ ಕೂರುವ ಜಾಗದಲ್ಲೇ ಇಟ್ಟು, ಬುರುಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. “ಹೂಂ, ಐದನೇದು ಹಾಕು.”

ಹಾಕಿದಳು. ಬುರುಡೆ ತುಂಬಿಕೊಂಡಿತು. ಮುಚ್ಚಳಗಳು ಒಂದೊಂದಾಗಿ ಎದ್ದು ಜಿರ್ರೆನ್ನತೊಡಗಿದವು. ಅವಳು ಎದ್ದುಬಿದ್ದು ಮೈಕು ನಿಲ್ಲಿಸಿ, ಮತ್ತೆ ಮೊದಲಿಂದ ಹಾಕಿ ರೆಕಾರ್ಡ್ ಮಾಡಿದಳು. ಸೆಕುರುವಿನ ಎಡ ಹೆಬ್ಬೆರಳು ಅಂಚಿನ ಮೇಲೆ ತಾಳ ಹಾಕುತ್ತಿತ್ತು. ಬಲದ್ದು ಸುಮ್ಮನೆ ಬಿದ್ದಿತ್ತು.

“ಈಗ ಬಂದ್ರು,” ಎಂದರು. “ಇದಕ್ಕೇನಂತೀರಿ ನಿಮ್ಮ ಕಂಪ್ಯೂಟರಿನ ಪಟ್ಟೀಲಿ?”

“ಇದು ಪಟ್ಟೀಲಿ ಇಲ್ಲ ಸೆಕುರು.”

“ಮತ್ತೆ ಎಂಥ ಪಟ್ಟಿಯೇ ಅದು!”

ಅವರು ಹೋದ ಮೇಲೆ ನೋಡಿದರೆ ಬುರುಡೆ ಕುರ್ಚಿಯ ಮೇಲೇ ಇತ್ತು. ಶಮಿಸೊ ಅದನ್ನು ಎತ್ತಿಕೊಂಡು ಓಡಿದಳು. ಸೆಕುರು ಆಗಲೇ ಕೊಂಬಿಯ ಕಿಟಕಿ ಪಕ್ಕ ಕೂತಿದ್ದರು, ಬಗಲಲ್ಲಿ ಬಟ್ಟೆಯ ಗಂಟು.

“ಬುರುಡೆ ಮರೆತ್ರಿ!”

“ಮರೀಲಿಲ್ಲ ಕಣೇ. ಕಡಲೆಕಾಯಿ ತುಂಬೋಕೆ ತಂದಿದ್ದೆ ಅಂದ್ಕೊಂಡ್ಯಾ? ಹಾಡು ನಿನ್ನ ಹತ್ರ ಇದೆ. ಅದೂ ಅಲ್ಲೇ ಇರ್ಲಿ.”

ಕೊಂಬಿ ಹೊರಟಿತು. ಅವಳು ಕೋಣೆಗೆ ಬಂದಳು. ಮೇಜಿನ ಮೇಲೆ ಜಾಗವಿಲ್ಲ, ನೆಲದ ಮೇಲೆ ಇಡಲು ಮನಸ್ಸಿಲ್ಲ. ಎಲ್ಲಿಡಬೇಕೋ ತಿಳಿಯದೆ ಬುರುಡೆಯನ್ನು ತಬ್ಬಿಕೊಂಡು ಕೋಣೆಯ ನಡುವೆ ನಿಂತುಬಿಟ್ಟಳು. ನಿಂತಲ್ಲೇ ಅಳು ಬಂತು. ಅವಳು ಬಿಕ್ಕಿದಾಗಲೆಲ್ಲ ಮುಚ್ಚಳಗಳು ಜಿರ್ರೆಂದವು.