ಮೈನಸ್ ಹದಿನಾರು ತಾಸು

ಸೋಲಾಪುರದ ಚಾದರ ಕಾರಖಾನೆಯಲ್ಲಿ ಶಾಂತಪ್ಪನ ಇನ್ನೂರ ನಲವತ್ತನೆಯ ಹಾಜರಿ ಅಂದು ಬೆಳಿಗ್ಗೆ ಆರಕ್ಕೆ ತುಂಬಿತು. ಅಷ್ಟಾದರೆ ಕೆಲಸ ಕಾಯಂ ಎಂದು ಮಾಲಕ ಉದಯಕುಮಾರ ಮಾತು ಕೊಟ್ಟಿದ್ದ. ಒಂಬತ್ತು ತಿಂಗಳು ಮೈಂದರ್ಗಿಯಿಂದ ಬಸ್ಸಿಗೆ ಬಂದು ಬರೀ ರಾತ್ರಿ ಪಾಳಿ ಮಾಡಿದ ಜೀವ. ಮಗ್ಗದ ಸದ್ದಿಗೆ ಒಂದು ಕಿವಿ ಹೋಗಿಯೇಬಿಟ್ಟಿದೆ.

ಹಾಜರಿ ಎಣಿಸುವುದು ಕಂಪ್ಯೂಟರು, ದುಡಿದ ತಾಸಿನ ಲೆಕ್ಕದಲ್ಲಿ. ಮಾಲಕನ ಅಣ್ಣನ ಮಗ ಸ್ವಪ್ನಿಲ ಅದರ ಪ್ರೋಗ್ರಾಂ ಬರೆದವನು. ಪರದೆ ನೋಡಿ ಅವನೇ ತಲೆ ಕೆರೆದುಕೊಂಡ.

"ಶಾಂತಪ್ಪ ಕಾಕಾ, ನಿಮ್ದು ಮೈನಸ್ ಮೂರು ಸಾವಿರದ ಎಂಟನೂರಾ ನಲವತ್ತು ತಾಸು ತೋರಸಾಕತ್ತೈತ್ರಿ."

"ಅಂದ್ರ?"

"ಹೋದ ತಾಸಿನಾಗ ಬಂದ ತಾಸು ಕಳೀತೈತಿ. ನೀವು ಬರೋ ರಾತ್ರಿ ಹತ್ತು ಅದಕ್ಕ ಇಪ್ಪತ್ತೆರಡು, ಹೋಗೋದು ಮುಂಜಾನೆ ಆರಕ್ಕ. ಆರರಾಗ ಇಪ್ಪತ್ತೆರಡು ಹೋದ್ರ ದಿನಕ್ಕ ಮೈನಸ್ ಹದಿನಾರು. ನಡುವ ತಾರೀಖು ಬದಲಾಗೋದು ಅದಕ್ಕ ತಿಳಿಯಂಗಿಲ್ಲ."

ಐದು ನಿಮಿಷ ತಡವಾಗಿ ಬಂದವನ ಅರ್ಧ ದಿನ ಕತ್ತರಿಸುವಾಗ ಮಾತ್ರ ಅದಕ್ಕೆ ಎಲ್ಲ ತಿಳಿಯುತ್ತಿತ್ತು. ಆಹಾ, ಎಂಥಾ ಜಾಣ!

"ಎರಡ ಸಾಲು ಬರದ್ರ ಸರಿ ಆಕ್ಕೈತಿ, ಕಾಕಾ," ಎಂದು ಸ್ವಪ್ನಿಲ ಪಕ್ಕದಲ್ಲಿ ನಿಂತಿದ್ದ ಮಾಲಕನಿಗೆ ಹೇಳಿದ.

"ಸುಮ್ಮನಿರೋ. ಮಷೀನು ಸುಳ್ಳ ಹೇಳಂಗಿಲ್ಲ," ಎಂದ ಉದಯಕುಮಾರ. "ಶಾಂತಪ್ಪಾ, ದಿನಕ್ಕ ಎಂಟ ತಾಸಿನಂಗ ಇನ್ನ ನಾನೂರಾ ಎಂಬತ್ತು ದಿನ ದುಡಿ. ಸೊನ್ನಿಗೆ ಬರ್ತಿ. ಆಮ್ಯಾಲ ಕಾಯಂ ಮಾತು."

ಶಾಂತಪ್ಪ ಪರದೆಯತ್ತ ಬೆರಳು ತೋರಿಸಿದ. "ರಾತ್ರಿ ದುಡದಷ್ಟೂ ತಗ್ಗಿಗೇ ಇಳೀತೀನಲ್ರಿ ಮಾಲಕರ!"

ಹೊರಗೆ ಲಾರಿ ಕಾಯುತ್ತಿತ್ತು. ಚಾದರದ ಗಂಟು ಕಟ್ಟುತ್ತಿದ್ದ ಇಂದುಬಾಯಿ ಹಗ್ಗ ಕೆಳಗೆ ಬಿಟ್ಟಳು.

"ಮಾಲಕರ, ಶಾಂತಪ್ಪ ರಾತ್ರಿ ಕೆಲಸಾನ ಮಾಡಿಲ್ಲಂದ್ರ ಈ ಚಾದರ ಯಾರು ನೇದ್ರು? ದೆವ್ವ ಬಂದಿತ್ತೇನು?"

"ಏ ಬಾಯಿ, ನಿನ್ನ ಕೆಲಸ ನೋಡು!"

"ಮಷೀನು ಸುಳ್ಳ ಹೇಳಂಗಿಲ್ಲ ಅಂದ್ರಿ. ನೇಯದ ಚಾದರಕ್ಕ ಗಂಟು ಹ್ಯಾಂಗ ಕಟ್ಟಲಿ?"

ಅವಳು ಹೋಗಿ ಚಾದರದ ರಾಶಿಯ ಮೇಲೆ ಕೂತಳು. ಮನೆಗೆ ಹೊರಟಿದ್ದ ರಾತ್ರಿ ಪಾಳಿಯವರು ಚಪ್ಪಲಿ ಬಿಟ್ಟು ಬಂದು ಕೂತರು. ಅವರೆಲ್ಲರ ತಾಸೂ ಮೈನಸ್ಸೇ. ಹಗಲು ಪಾಳಿಯವರೂ ಮಗ್ಗ ಹಚ್ಚಲಿಲ್ಲ. ಲಾರಿಯವನು ಹಾರ್ನ್ ಬಾರಿಸಿದ, ಯಾರೂ ಏಳಲಿಲ್ಲ.

ಉದಯಕುಮಾರ ಬೆವರು ಒರೆಸಿಕೊಂಡ. "ಸ್ವಪ್ನಿಲಾ, ಬರಿಯೋ ಆ ಎರಡ ಸಾಲು! ಎಷ್ಟ ಹೊತ್ತು ಬೇಕು?"

"ಹತ್ತ ನಿಮಿಷ, ಕಾಕಾ."

ಒಂಬತ್ತು ತಿಂಗಳು ಸಿಗದಿದ್ದ ಹತ್ತು ನಿಮಿಷ ಈಗ ಸಿಕ್ಕಿತು.

ಶಾಂತಪ್ಪ ತಾನೇ ನೇಯ್ದ ಚಾದರದ ಮೇಲೆ ಕಾಲು ಚಾಚಿದ.

"ಅವಸರ ಮಾಡಬ್ಯಾಡೋ ತಮ್ಮಾ. ನಾವು ಕುಂತ ಈ ಹೊತ್ತೂ ತಾಸಿನ ಲೆಕ್ಕದಾಗ ಹಿಡಿ."