ಬೋರ್ಡಿನ ಬಲಮೂಲೆ

ಝೆರಾಕ್ಸ್ ಪ್ರತಿಗೆ ಬಣ್ಣ ಹಚ್ಚುವುದೆಂದರೆ ಬಸ್ರೂರಿನ ಭೋಜರಾಜ ಶೆಟ್ಟರ ಲೆಕ್ಕದಲ್ಲಿ ಬಾಲವಾಡಿ ಮಕ್ಕಳ ಕೆಲಸ. ಹಾಗಂತ ಅವರು ಅಂದದ್ದು ತಂಗಿ ಗುಲಾಬಿಯ ಮಗಳು ನಿಶ್ಮಿತಾಳಿಗೇ; ಅದೂ ಅವಳು ಜಗಲಿ ತುಂಬ ಕಾಗದ ಹರಡಿಕೊಂಡು ಕೂತಿದ್ದಾಗ. ಮುಖಕ್ಕೆ ಹೊಡೆದ ಹಾಗೆ ಮಾತಾಡುವುದು ಶೆಟ್ಟರಿಗೆ ಹುಟ್ಟಿನಿಂದ ಬಂದದ್ದು.

ಅವರು ಆಡಿದರೂ ಸಲ್ಲುತ್ತದೆ ಬಿಡಿ. ನಲವತ್ತು ವರ್ಷ ಬೈಂದೂರಿನಿಂದ ಬ್ರಹ್ಮಾವರದ ತನಕ ಹೋಟೆಲು, ಬಸ್ಸು, ಕ್ಲಿನಿಕ್ಕು ಅಂತ ಬೋರ್ಡು ಬರೆದ ಕೈ ಅದು. ಪ್ರತಿ ಬೋರ್ಡಿನ ಕೆಳಗಿನ ಬಲಮೂಲೆಯಲ್ಲಿ ‘ಭೋಜ ಆರ್ಟ್ಸ್’ ಎಂದು ಸಣ್ಣದಾಗಿ ಇರಲೇಬೇಕು. ಸಹಾಯಕ್ಕೆ ಯಾರೇ ಇರಲಿ, ಆ ಮೂಲೆಯನ್ನು ಮಾತ್ರ ಅವರು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ಆಮೇಲೆ ಫ್ಲೆಕ್ಸ್ ಬಂತು, ಬೋರ್ಡೆಲ್ಲ ಕೆಳಗಿಳಿದವು. ಹತ್ತು ವರ್ಷದಿಂದ ಶೆಟ್ಟರ ಬ್ರಷ್ಷುಗಳು ಎಣ್ಣೆ ಹಚ್ಚಿಸಿಕೊಂಡು ಡಬ್ಬದಲ್ಲಿ ಮಲಗಿದ್ದವು.

ನಿಶ್ಮಿತಾ ಕುಂದಾಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕಾಮಿಕ್ಸ್ ತರಹ ಎಂಟು ಹಾಳೆಯ ಚಿತ್ರಕಥೆಯೊಂದನ್ನು ಶಾಯಿಯಲ್ಲಿ ಬರೆದು, ಒಂದೊಂದಕ್ಕೂ ಮೂರು ಪ್ರತಿ ತೆಗೆದು, ಅದರ ಮೇಲೆ ಅಕ್ರಿಲಿಕ್ ಬಣ್ಣ ಹಾಕಿ ಪ್ರಯೋಗ ಮಾಡುತ್ತಿದ್ದಳು. ಮರುದಿನ, ಭಾನುವಾರ, ಬ್ರಹ್ಮಾವರದಲ್ಲಿ ಚಿತ್ರಪ್ರದರ್ಶನ. ಕಥೆ ಪೂರ್ತಿ ಇದ್ದರೆ ಮಾತ್ರ ಗೋಡೆಯಲ್ಲಿ ಜಾಗ. ಏಳು ಹಾಳೆ ಮುಗಿದಿತ್ತು. ಎಂಟನೆಯದರ ಮೊದಲ ಪ್ರತಿ ನೀರು ಕುಡಿದು ಹಪ್ಪಳದ ಹಾಗೆ ಸುಕ್ಕಾಯಿತು. ಎರಡನೆಯದರಲ್ಲಿ ಬಣ್ಣ ದಪ್ಪವಾಗಿ ಗೆರೆಯೇ ಮುಚ್ಚಿಹೋಯಿತು. ಇನ್ನೊಂದು ಪ್ರತಿ ತೆಗೆಯೋಣವೆಂದರೆ ಮೂಲ ಚಿತ್ರದ ಮೇಲೆಯೇ ನೀರಿನ ಗ್ಲಾಸು ಮಗುಚಿ ಶಾಯಿಯೆಲ್ಲ ಕದಡಿತ್ತು. ಉಳಿದ ಒಂದೇ ಒಂದು ಪ್ರತಿಯನ್ನು ಅವಳು ರಟ್ಟಿಗೆ ಅಂಟಿಸಿಕೊಂಡು ಕೂತಿದ್ದಳು.

ಶೆಟ್ಟರು ಪೇಪರು ಓದುವ ನೆಪದಲ್ಲಿ ಓರೆಗಣ್ಣಿನಿಂದ ನೋಡುತ್ತಿದ್ದರು. ಕೊನೆಗೆ ತಡೆಯಲಾಗಲಿಲ್ಲ.

“ನಾವ್ ಮೊದ್ಲ್ ಬಣ್ಣ ಹಾಕಿ, ಕಡಿಗೆ ಗೆರಿ ಎಳುದ್. ನಿಂದೆಲ್ಲ ಉಲ್ಟಾ ಅಲ್ದಾ ಹೆಣೆ?”

“ಉಲ್ಟಾವೇ ಮಾವ. ಗೆರಿ ಮೊದ್ಲೇ ಕೂತ್ಕಂಡಿತ್ತ್. ಬಣ್ಣ ತೆಳು ಮಾಡಿ ಹಾಕ್ರೆ ಅದ್ ಒಳಗಿಂದ ಕಾಣತ್ತ್, ಕಾಣಿ.”

ಶೆಟ್ಟರು ಕಂಡರು. ನೀಲಿಯ ಮೇಲೊಂದು ಹಳದಿ ತೆಳುವಾಗಿ ಹರಿಯಿತು, ಅಡಿಯ ಕಪ್ಪು ಗೆರೆ ಅಲ್ಲಾಡದೆ ನಿಂತಿತ್ತು. ಇಂಥದ್ದು ತಮ್ಮ ತಲೆಗೆ ಒಂದು ದಿನವೂ ಹೊಳೆದಿರಲಿಲ್ಲವಲ್ಲ ಎಂದು ಅವರಿಗೆ ಒಳಗೊಳಗೇ ಬೆರಗಾಯಿತು.

ನಿಶ್ಮಿತಾ ಊಟಕ್ಕೆ ಒಳಗೆ ಹೋದಾಗ ಶೆಟ್ಟರು ಕನ್ನಡಕ ಏರಿಸಿ ಹತ್ತಿರ ಬಂದರು. ಚಿತ್ರದಲ್ಲಿ ಏಣಿಯ ಮೇಲೊಬ್ಬ ಮನುಷ್ಯ, ಎತ್ತಿಕಟ್ಟಿದ ಲುಂಗಿ, ದಾರ ಕಟ್ಟಿದ ಕನ್ನಡಕ. ‘ಹೋಟೆಲ್ ಅಮ್ಮಣ್ಣಿ’ ಎಂದು ಬೋರ್ಡು ಬರೆಯುತ್ತಿದ್ದಾನೆ. ಅದು ಯಡ್ತರೆಯಲ್ಲಿ ಅವರೇ ಬರೆದಿದ್ದ ಬೋರ್ಡು. ಪಕ್ಕದಲ್ಲಿದ್ದ ಏಳನ್ನೂ ನೋಡಿದಾಗ, ಎಂಟು ಹಾಳೆಯೂ ತಮ್ಮ ಕಥೆಯೇ ಎಂದು ಅವರಿಗೆ ತಿಳಿಯಿತು.

ಆಗಲೇ ಕಣ್ಣಿಗೆ ಬಿತ್ತು: ಅಕ್ಷರದ ಮೇಲೊಂದು ನೀಲಿ ಹನಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಬೋರ್ಡಿನ ಮೇಲೆ ಹನಿ ಕಂಡರೆ ಬಣ್ಣ ಕರಗಿಸುವ ತಿನ್ನರ್ ಬಟ್ಟೆಯಲ್ಲಿ ಒರೆಸಬೇಕು, ನಲವತ್ತು ವರ್ಷದ ರೂಢಿ. ಡಬ್ಬದಿಂದ ತಿನ್ನರ್ ತೆಗೆದು, ಬಟ್ಟೆಗೆ ತಾಗಿಸಿ, ಒಂದೇ ಸಲ ಒರೆಸಿದರು. ಹನಿ ಹೋಯಿತು. ಅದರ ಜೊತೆ ಝೆರಾಕ್ಸಿನ ಕಪ್ಪೂ ಕರಗಿ, ‘ಹೋಟೆಲ್ ಅಮ್ಮಣ್ಣಿ’ ಇದ್ದಲ್ಲಿ ಮಸಿ ಬಳಿದಂತಾಯಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನಿಶ್ಮಿತಾ ಬರುವ ತನಕ ಶೆಟ್ಟರು ಬಟ್ಟೆ ಹಿಡಿದುಕೊಂಡೇ ನಿಂತಿದ್ದರು.

“ನಾನೇ ಹಾಳ್ ಮಾಡ್ದೆ ಮಗಾ,” ಅಂದರು. “ಒರ್ಸೂಕೆ ಹೋದೆ.”

ಅವಳ ಮುಖ ಸಣ್ಣದಾಯಿತು. ಬೈದಿದ್ದರೆ ಶೆಟ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಸುಮ್ಮನೆ ಬಿಳಿ ಅಕ್ರಿಲಿಕ್ ತೆಗೆದು ಮಸಿಯ ಮೇಲೆ ಹಚ್ಚಿ ಫ್ಯಾನಿನ ಕೆಳಗೆ ಇಟ್ಟಳು. ಹತ್ತೇ ನಿಮಿಷಕ್ಕೆ ಒಣಗಿತು. ಬೋರ್ಡಿಗೆ ಹಚ್ಚುವ ಎನಾಮೆಲ್ ಆಗಿದ್ದರೆ ಒಂದು ಹಗಲು ಬೇಕಿತ್ತು.

“ಹೋದ್ದ್ ಅಕ್ಷರ ಮಾತ್ರ. ಬರಿಯೂಕೆ ನೀವಿದ್ರಿ ಅಲ್ದಾ ಮಾವ?”

“ಕೈ ನಡ್ಗತ್ತ್ ಹೆಣೆ. ಇದೂ ಹಾಳಾರೆ?”

“ಹಾಳಾರೆ ನಾಳೆ ಹೋಪ್ದಿಲ್ಲೆ. ನೀವ್ ಬರೀನಿ.”

ಕೈಯಾರೆ ಕೆಡಿಸಿದವನ ಕೈಗೇ ಕೊನೆಯ ಹಾಳೆ ಕೊಡುವುದೆಂದರೆ ಸಾಮಾನ್ಯದ ಎದೆಯಲ್ಲ. ಎಂಥ ಹುಡುಗಿ ಇವಳು ಎಂದುಕೊಳ್ಳುತ್ತ ಶೆಟ್ಟರು ಡಬ್ಬದಿಂದ ಸಣ್ಣ ಬ್ರಷ್ಷು ತೆಗೆದು ಎಣ್ಣೆ ತೊಳೆದರು. ಎಡಮುಷ್ಟಿಯ ಮೇಲೆ ಬಲಗೈ ಊರಿ ಉಸಿರು ಹಿಡಿದರು. ‘ಹೋ’ದ ಮೊದಲ ಸುತ್ತು ತುಸು ನಡುಗಿತು. ‘ಅಮ್ಮಣ್ಣಿ’ಗೆ ಬರುವಷ್ಟರಲ್ಲಿ ಹಳೆಯ ಕೈ ಬಂದಿತ್ತು. ದುಂಡು ಅಕ್ಷರ, ಮಗ್ಗುಲಲ್ಲಿ ಕೆಂಪು ನೆರಳು. ನಿಶ್ಮಿತಾ ಕಣ್ಣು ಮಿಟುಕಿಸದೆ ನೋಡಿದಳು.

“ನಾ ಬರ್ದದ್ದಕ್ಕಿಂತ ಇದೇ ಚಂದ ಇತ್ತ್,” ಅಂದಳು. “ಮೂಲೆಗೆ ನಿಮ್ಮ ಹೆಸ್ರ್ ಹಾಕಿ ಮಾವ.”

ಶೆಟ್ಟರು ಬ್ರಷ್ಷನ್ನು ಮತ್ತೆ ಬಣ್ಣದಲ್ಲಿ ಅದ್ದಿ ಹಾಳೆಯ ಬಲಮೂಲೆಗೆ ಬಾಗಿದರು. ಬರೆದು ಮುಗಿಸಿ ಕನ್ನಡಕ ಒರೆಸಿಕೊಂಡು ಒಳಗೆ ನಡೆದರು, ಊಟ ತಣ್ಣಗಾಗುತ್ತದೆಂದು ಗೊಣಗುತ್ತ.

ನಿಶ್ಮಿತಾ ಬಗ್ಗಿ ನೋಡಿದಳು. ಭೋಜ ಆರ್ಟ್ಸ್ ಇರಬೇಕಾದಲ್ಲಿ ದುಂಡಗೆ, ಕೆಂಪು ನೆರಳಿನ ಸಮೇತ, ‘ನಿಶ್ಮಿತಾ’ ಎಂದಿತ್ತು.