ಹದಿನೆಂಟು ಚಮಚ

ಅಮ್ಮ ಊಟ ಬಿಟ್ಟು ಮೂರು ವಾರವಾಗಿತ್ತು. ತೂಕ ಮೂವತ್ತೆಂಟು ಕಿಲೋದಿಂದ ಮೂವತ್ನಾಲ್ಕಕ್ಕೆ ಇಳಿದಿತ್ತು. "ಮರೆವಿನ ಕಾಯಿಲೆ, ವಯಸ್ಸು ಬೇರೆ. ಹೀಗೇ ಆದ್ರೆ ತಿಂಗಳು ದಾಟೋದು ಕಷ್ಟ" ಎಂದು ಡಾಕ್ಟರು ಕೈಚೆಲ್ಲಿದರು. ಮಗ ಮಾತ್ರ ಪಟ್ಟು ಬಿಡಲಿಲ್ಲ. ಶಾಲೆಯ ಪ್ರಯೋಗಶಾಲೆಯಲ್ಲಿ ಇಪ್ಪತ್ತಾರು ವರ್ಷ ಗಾಜಿನ ನಳಿಕೆ ತೊಳೆದ ಅಟೆಂಡರ್ ಅವನು. ವಿಜ್ಞಾನದ ಮೇಷ್ಟ್ರು ಗಂಟಲು ಹರಿದುಕೊಂಡು ಹೇಳಿದ್ದು ಮಕ್ಕಳ ತಲೆಗೆ ಹೋಯಿತೋ ಇಲ್ಲವೋ, ಇವನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು: ಒಂದು ಸಲಕ್ಕೆ ಒಂದನ್ನೇ ಬದಲಿಸು, ಮಿಕ್ಕಿದ್ದನ್ನು ಮುಟ್ಟಬೇಡ, ಆದದ್ದನ್ನು ಬರೆದಿಡು.

"ಬಂದ್ರಪ್ಪಾ ನಮ್ಮನೆ ವಿಜ್ಞಾನಿ" ಎಂದು ಹೆಂಡತಿ ಕಿಚಾಯಿಸಿದಳು. ಊಟದ ಹೊತ್ತಿಗೆ ಸರಿಯಾಗಿ, ಅವಳು ಗಂಜಿ ಕುಡಿಸುವಾಗ ಅವನು ಅಮ್ಮನ ಎದುರು ಕೂತು ಚಮಚ ಲೆಕ್ಕ ಹಾಕಿದ. ಗಂಜಿಗೆ ಉಪ್ಪು ಹೆಚ್ಚು ಮಾಡಿದಾಗ ಎರಡು ಚಮಚ. ತಟ್ಟೆ ಬದಲಿಸಿದಾಗ ಒಂದು. ಮಂಚವನ್ನು ಕಿಟಕಿಯ ಕಡೆ ತಿರುಗಿಸಿದರೆ ಅದೂ ಇಲ್ಲ. ಹನ್ನೆರಡನೆಯ ದಿನ ಶಾಲೆಯಲ್ಲಿ ಪರೀಕ್ಷೆ, ಮಧ್ಯಾಹ್ನ ಮನೆಗೆ ಬರಲಾಗಲಿಲ್ಲ. ಅವತ್ತು ಅದೇ ಹೆಂಡತಿಯ ಕೈಯಲ್ಲಿ, ಅದೇ ಗಂಜಿಯನ್ನು ಅಮ್ಮ ಹದಿನೆಂಟು ಚಮಚ ಕುಡಿದಿದ್ದಳು!

ಬದಲಾಗಿದ್ದು ಒಂದೇ, ತಾನು ಎದುರಿಗಿರಲಿಲ್ಲ. ಒಂದು ಸಲ ಆದದ್ದನ್ನು ನಂಬಬಾರದೆಂದು ಮರುದಿನ ಬಾಗಿಲಲ್ಲಿ ಸುಮ್ಮನೆ ನಿಂತ. ಅಮ್ಮ ಬಾಯಿ ಬಿಗಿದಳು. ಅದರ ಮರುದಿನ ಹೊರಗುಳಿದ, ಹದಿನಾರು. ಮೀಸೆ ಬೋಳಿಸಿ ಒಳಗೆ ಹೋದ, ಸೊನ್ನೆ. ಅವನು ಅಪ್ಪನ ಪಡಿಯಚ್ಚು ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪ ಸತ್ತಾಗ ಇವನಿಗೆ ಐದು ವರ್ಷ. ಹೆಗಲ ಮೇಲೆ ಕೂತ ನೆನಪು ಬಿಟ್ಟರೆ ಬೇರೇನಿಲ್ಲ, ಅಮ್ಮ ಅಪ್ಪನ ಬಗ್ಗೆ ಒಂದು ಕೆಟ್ಟ ಮಾತೂ ಆಡಿದವಳಲ್ಲ.

ಯಾಕೆ ಅನ್ನುವುದೊಂದು ಉಳಿದಿತ್ತು. ಭಾನುವಾರ ಅವನು ಹೊರಗೆ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತ. ಒಳಗೆ ಹೆಂಡತಿ ಹೇಳಿಕೊಟ್ಟಂತೆ ಕೇಳಿದಳು: "ಅತ್ತೆ, ಅವರು ಬಂದ್ರೆ ಯಾಕೆ ಊಟ ಬಿಡ್ತೀರಿ?"

"ಮೆಲ್ಲಗೆ ಮಾತಾಡೇ" ಎಂದಳು ಅಮ್ಮ. "ನಮ್ಮನೆಯವರು ಬಂದ್ರೆ ತಟ್ಟೆ ಗೋಡೆಗೇ. ನಂದು ಬಿಡು, ಹೊಡೆಸ್ಕೊಂಡು ಅಭ್ಯಾಸ. ಇರೋದಷ್ಟನ್ನೂ ಮಗೂಗೆ ತಿನ್ನಿಸ್ಬಿಡು. ಪಾಪ, ಹಸ್ಕೊಂಡಿದಾನೆ."

ಓಡಿ ಹೋಗಿ ಅಮ್ಮನ ಕಾಲು ಹಿಡಿಯಬೇಕೆನಿಸಿತು ಅವನಿಗೆ. ಹೋದರೆ ಗಂಜಿ ತಟ್ಟೆಯಲ್ಲೇ ಉಳಿಯುತ್ತದೆ. ಬಾಯಿಗೆ ಅಂಗೈ ಒತ್ತಿಕೊಂಡು, ಸದ್ದಾಗದಂತೆ ಅತ್ತ.

ಈಗ ಅವನು ಪ್ರಯೋಗಶಾಲೆಯ ಪಕ್ಕದ ಕೋಣೆಯಲ್ಲೇ ಇರುತ್ತಾನೆ. ವಾರಕ್ಕೊಮ್ಮೆ ಹೆಂಡತಿ ಬಂದು ಅಮ್ಮನ ಸುದ್ದಿ ಹೇಳುತ್ತಾಳೆ.

"ತೂಕ ಮೂವತ್ತಾರಾಯ್ತು ರೀ" ಎಂದಳು ಮೊನ್ನೆ. ಹೊರಡಲು ಎದ್ದವಳು ತಿರುಗಿ ಹೇಳಿದಳು: "ಮಗು ಎಲ್ಲಿ ಅಂತ ದಿನಾ ಕೇಳ್ತಾರೆ."